ಬೆಡ್‌ರೂಮಿನ ರೇಡಿಯೇಟರ್ ತಿರುಪು

ಜನವರಿ 8, ಬುಧವಾರ. ಬೆಳಿಗ್ಗೆ 6.10

ಬೆಡ್‌ರೂಮ್ ಮತ್ತೆ ಎಂಬತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಹೊರಗೆ ಇಪ್ಪತ್ತೊಂದು, ನೀರು ಹೆಪ್ಪುಗಟ್ಟುವ ಚಳಿ. ರೂಮು ಬಿಸಿ ಮಾಡುವ ರೇಡಿಯೇಟರ್ ನಾಲ್ಕು ಗಂಟೆಯಿಂದ ಬುಸುಗುಡುತ್ತಿದೆ. ಕಿಟಕಿ ತೆಗೆದೆ, ಅಮ್ಮನಿಗೆ ಕೆಮ್ಮು. ಮುಚ್ಚಿದೆ, ತನ್ವಿಗೆ ಕಣ್ಣು ಮಂಜು. ನವೆಂಬರಿನಲ್ಲಿ ಅಮ್ಮ ಮೈಸೂರಿನಿಂದ ಬಂದಾಗಿನಿಂದ ಇದೇ ಗೋಳು.

ಬಿಲ್ಡಿಂಗ್ ನೋಡಿಕೊಳ್ಳುವ ಸೂಪರ್‌ಗೆ ಮೂರನೇ ಸಲ ಫೋನ್. ಇಡೀ ಬಿಲ್ಡಿಂಗಿಗೆ ಬಾಯ್ಲರ್ ಒಂದೇ, ನಿಮ್ಮೊಬ್ಬರಿಗೆ ಕಡಿಮೆ ಮಾಡೋಕಾಗಲ್ಲ, ಕಿಟಕಿ ತೆಗೀರಿ ಅಂದ. ಜರ್ಸಿ ಸಿಟಿಯ ಹಳೇ ಕಟ್ಟಡಗಳಲ್ಲಿ ಎಲ್ಲರೂ ಹಾಗೇ ಮಾಡುವುದಂತೆ. ಅವನ ತಲೆ.

ನನ್ನ ಹೆಂಡತಿ ತನ್ವಿಗೆ ಎಂ.ಎಸ್. ಎಂದು ಇವನಿಗೆ ಹೇಗೆ ತಿಳಿಸುವುದು. ನರಗಳ ಕಾಯಿಲೆ. ನೋಡೋಕೆ ಚೆನ್ನಾಗಿಯೇ ಇದ್ದಾಳೆ. ಮೈ ಸ್ವಲ್ಪ ಬಿಸಿಯಾದರೆ ಸಾಕು, ಬಲಗಣ್ಣು ಮಂಜಾಗುತ್ತದೆ, ಎಡಗಾಲು ಮಾತು ಕೇಳುವುದಿಲ್ಲ. ತಣ್ಣಗಾದರೆ ಮತ್ತೆ ಸರಿ. ಡಾಕ್ಟರ್ ಹೇಳಿದ್ದು ಒಂದೇ — ಕೀಪ್ ಹರ್ ಕೂಲ್. ಅಷ್ಟೂ ನನ್ನ ಕೈಲಾಗುತ್ತಿಲ್ಲ.

ಜನವರಿ 11, ಶನಿವಾರ

ಥರ್ಮೋಸ್ಟಾಟಿಕ್ ವಾಲ್ವ್ ಬಂತು. ರೂಮು ಬಿಸಿಯಾದರೆ ತಾನೇ ಮುಚ್ಚಿಕೊಳ್ಳುತ್ತದೆ. ಒಂದು ವಾರ ರಿವ್ಯೂ ಓದಿ ಆರಿಸಿದ್ದು. ಪೈಪಿಗೆ ಹಿಡಿದು ನೋಡಿದರೆ ಎಲ್ಲೂ ಕೂರುವುದಿಲ್ಲ.

ಈಸ್ಟ್ ಬ್ರನ್ಸ್‌ವಿಕ್‌ನ ರಾಜಶೇಖರ ಅಂಕಲ್‌ಗೆ ವಿಡಿಯೋ ಕಾಲ್. ರಿಟೈರಾಗುವವರೆಗೂ ದೊಡ್ಡ ಬಿಲ್ಡಿಂಗುಗಳ ಹೀಟಿಂಗ್ ನೋಡಿಕೊಂಡವರು.

"ರೇಡಿಯೇಟರಿಗೆ ಪೈಪ್ ಎಷ್ಟಿದೆಯಪ್ಪಾ?"

"ಒಂದು, ಅಂಕಲ್."

"ಹಂಗಾದ್ರೆ ಸ್ಟೀಮು. ನೀನು ತಗೊಂಡಿರೋದು ಬಿಸಿನೀರಿನ ಸಿಸ್ಟಮ್ಮಿಂದು. ಎಂಜಿನಿಯರ್ ಅಂತೀಯ, ಪೈಪ್ ಎಣಿಸಕ್ಕೆ ಬರಲ್ವಾ?"

ಸಾಫ್ಟ್‌ವೇರ್ ಎಂಜಿನಿಯರ್ ಎಂದೆ. ಇನ್ನೂ ನಕ್ಕರು.

ಸ್ಟೀಮ್ ಬರುವ ಕಡೆ ಕೈ ಹಾಕಬಾರದಂತೆ. ಎದುರು ತುದಿಯಲ್ಲಿ ಬುಸುಗುಡುತ್ತಾ ಗಾಳಿ ಬಿಡುವ ವೆಂಟ್ ಇದೆಯಲ್ಲ, ಅದನ್ನು ಬಿಚ್ಚಿ ಮಧ್ಯೆ ವಾಲ್ವ್ ಹಾಕಬೇಕು. ವಾಲ್ವ್ ಮುಚ್ಚಿ ಒಳಗಿನ ಗಾಳಿ ಹೊರಗೆ ಹೋಗದಿದ್ದರೆ ಸ್ಟೀಮ್ ಒಳಗೆ ಬರುವುದಿಲ್ಲ. ಬೇರೆ ಆರ್ಡರ್ ಮಾಡಿದೆ. ಇನ್ನೊಂದು ವಾರ ಕಾಯಬೇಕು.

ಜನವರಿ 18, ಶನಿವಾರ. ಸಂಜೆ

ಹಾಕಿದೆ. ಹಳೇ ವೆಂಟ್ ಬಿಚ್ಚುವುದಕ್ಕೇ ಮುಕ್ಕಾಲು ಗಂಟೆ, ಎಷ್ಟು ಕೋಟ್ ಪೇಂಟೋ. ಬೆರಳ ಗೆಣ್ಣು ತರಚಿತು. ಟೆಫ್ಲಾನ್ ಟೇಪ್ ಸುತ್ತಿ ವಾಲ್ವ್, ಅದರ ಮೇಲೆ ವೆಂಟ್. ತಿರುಪಿನ ಮೇಲೆ ಒಂದರಿಂದ ಐದು. ಎರಡಕ್ಕಿಟ್ಟೆ.

ಈಗ ಅರವತ್ತೆಂಟು. ತನ್ವಿ ಗೋಡೆ ಹಿಡಿಯದೆ ಅಡುಗೆಮನೆಗೆ ಹೋಗಿ ಕಾಫಿ ತಂದುಕೊಟ್ಟಳು. ಎಷ್ಟು ಖುಷಿಯಾಯಿತೆಂದರೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅಮ್ಮ "ಇದೇನೋ ನಚಿ, ತಿರುಪು?" ಅಂದಳು. ಸೆಖೆ ಕಂಟ್ರೋಲ್ ಮಾಡತ್ತೆ ಎಂದೆ. ಚಳಿಗಾಳಿ ನುಗ್ಗದಂತೆ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿಬಿಟ್ಟೆ. ಇನ್ನು ಅವನ್ನು ತೆಗೆದು ಮುಚ್ಚುವ ಕಾಟವಿಲ್ಲ.

ಜನವರಿ 25, ಶನಿವಾರ. ಬೆಳಿಗ್ಗೆ

ನಿನ್ನೆ ತನ್ವಿ ಬಿದ್ದಳು.

ಆಫೀಸಿನಿಂದ ಬಂದು ನೋಡಿದರೆ ಬಾತ್‌ರೂಮಿನ ಬಾಗಿಲಲ್ಲಿ ಕೂತಿದ್ದಾಳೆ. ಹುಬ್ಬಿನಿಂದ ರಕ್ತ. ಅಮ್ಮ ಒದ್ದೆ ಟವೆಲ್ ಒತ್ತಿ ಹಿಡಿದಿದ್ದಾಳೆ. ಫೋನ್ ಮಾಡಿದ್ದಳಂತೆ, ನಾನು ಸುರಂಗದೊಳಗೆ ಪಾತ್ ಟ್ರೈನಿನಲ್ಲಿದ್ದೆ, ಸಿಗ್ನಲ್ ಇರಲಿಲ್ಲ. ಬೆಡ್‌ರೂಮ್ ಎಂಬತ್ತಾರು. ತಿರುಪು ಐದರಲ್ಲಿತ್ತು. ಕಿಟಕಿ ತೆಗೆಯೋಣವೆಂದರೆ ನಾನೇ ಅಂಟಿಸಿದ ಪ್ಲಾಸ್ಟಿಕ್.

ಅರ್ಜೆಂಟ್ ಕೇರ್ ಕ್ಲಿನಿಕ್. ನಾಲ್ಕು ಹೊಲಿಗೆ.

ಮನೆಗೆ ಬಂದ ಮೇಲೆ ತಡೆದುಕೊಳ್ಳಲಾಗಲಿಲ್ಲ. ತಿರುಪು ಯಾರು ಮುಟ್ಟಿದ್ದು, ನೀನೇ ತಾನೇ ಎಂದು ತನ್ವಿಯ ಮೇಲೆ ಕೂಗಾಡಿದೆ. ಇಂಗ್ಲಿಷಿನಲ್ಲಿ. ಅಮ್ಮನಿಗೆ ತಿಳಿಯದಿರಲೆಂದು ನಮ್ಮ ಜಗಳವೆಲ್ಲ ಇಂಗ್ಲಿಷಿನಲ್ಲೇ. ತನ್ವಿ ಒಂದು ಕ್ಷಣ ನನ್ನ ಮುಖ ನೋಡಿ, ಹೌದು ನಾನೇ, ಚಳಿಯಾಯ್ತು ಅಂದಳು. ಹುಚ್ಚಾ ನಿನಗೆ, ಬೇಕಂತಲೇ ಕುರುಡಿ ಆಗ್ತೀಯಾ ಎಂದೆ... ಆ ಮಾತು ಅಂದೆ. ಅಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದಳು.

ಜನವರಿ 27, ಸೋಮವಾರ

ವಾರವಿಡೀ ವರ್ಕ್ ಫ್ರಮ್ ಹೋಮ್ ಕೇಳಿದ್ದೆ. ಗುರುವಾರದವರೆಗೆ ಕೊಟ್ಟರು. ತಿರುಪು ಎರಡರಲ್ಲೇ ಇದೆ, ಗಂಟೆಗೊಮ್ಮೆ ನೋಡುತ್ತೇನೆ. ತನ್ವಿ ಬೇಕಾದ್ದಕ್ಕಷ್ಟೇ ಮಾತಾಡುತ್ತಾಳೆ. ಸಾರಿ ಹೇಳಬೇಕು. ಆದರೆ ಮುಟ್ಟಿದ್ದು ಅವಳೇ ಅಲ್ಲವಾ.

ಜನವರಿ 29, ಬುಧವಾರ. ಮಧ್ಯಾಹ್ನ 2.40

ಮೀಟಿಂಗ್ ಮಧ್ಯೆ ನೀರಿಗೆಂದು ಎದ್ದೆ. ತನ್ವಿ ಮಲಗಿದ್ದಾಳೆ. ಅಮ್ಮ ರೇಡಿಯೇಟರ್ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ತಿರುಪು ತಿರುಗಿಸುತ್ತಿದ್ದಾಳೆ.

"ಏನಮ್ಮಾ ಮಾಡ್ತಿದೀಯ?"

"ಮೆಲ್ಲಗೆ ಮಾತಾಡೋ. ಅವಳ ಮುಖ ಕೆಂಪಗಾಗಿತ್ತು, ಅದಕ್ಕೆ ಐದಕ್ಕಿಟ್ಟೆ. ತಣ್ಣಗಿರ್ಲಿ ಪಾಪ. ನಂಗೆ ಚಳಿಯಾದ್ರೆ ಶಾಲಿದೆ."

ಫ್ಯಾನ್ ರೆಗ್ಯುಲೇಟರ್. ಮೈಸೂರಿನ ಮನೆಯಲ್ಲಿ ಐದೆಂದರೆ ಜೋರು ಗಾಳಿ. ಎಪ್ಪತ್ತೊಂದು ವರ್ಷದವಳಿಗೆ ನಾನು ಹೇಳಿದ್ದಾದರೂ ಏನು — ಸೆಖೆ ಕಂಟ್ರೋಲ್. ಒಂದು ನಿಮಿಷ ಕೂತು ತೋರಿಸಲಿಲ್ಲ.

ಅಮ್ಮ ಅಡುಗೆಮನೆಗೆ ಹೋದ ಮೇಲೆ ತಿರುಪನ್ನು ಎರಡಕ್ಕೆ ತಂದು, ತನ್ವಿಯನ್ನು ಎಬ್ಬಿಸಿ ಕೇಳಿದೆ.

"ಶುಕ್ರವಾರಾನೇ ಗೊತ್ತಾಯ್ತು. ನನ್ನನ್ನ ಎತ್ತಕ್ಕೆ ಬಂದಾಗ ಅತ್ತೆ, ಐದಕ್ಕಿಟ್ರೂ ಯಾಕಮ್ಮಾ ಇಷ್ಟು ಸೆಖೆ ಅಂದ್ರು."

"ಮತ್ತೆ ನಾನೇ ಅಂತ ಯಾಕಂದೆ?"

"ನೀನು ಆಗ ಇದ್ದ ರೀತೀಲಿ ಅತ್ತೆ ಹೆಸರು ಹೇಳ್ಬೇಕಿತ್ತಾ? ಅವರಿಗೆ ಗೊತ್ತಾದ್ರೆ ಊಟ ಬಿಡ್ತಾರೆ, ನಚಿ. ಟಿಕೆಟ್ ಬುಕ್ ಮಾಡು ಅಂತಾರೆ. ಬೇಡ. ಅವರು ತಿರುಗಿಸಿದಾಗೆಲ್ಲ ನಾನು ವಾಪಸ್ ತಿರುಗಿಸ್ತಿದೀನಿ."

"ಒಂದು ದಿನ ನಿದ್ದೆ ಬಂದು, ಎದ್ದಾಗ ಕಣ್ಣು ಕಾಣದೇ ಇದ್ರೆ?"

ತಿರುಪು ಎರಡರಲ್ಲಿದೆಯೇ ಎಂದು ಎದ್ದು ಹೋಗಿ ನೋಡಿದಳು.

ಜನವರಿ 30, ಗುರುವಾರ. ಸಂಜೆ 4.30

ನಾಳೆ ಆಫೀಸಿಗೆ ಹೋಗಲೇಬೇಕು. ತಿರುಪಿಗೆ ಟೇಪ್ ಸುತ್ತಿಬಿಡೋಣವೆಂದುಕೊಂಡೆ. ಅಮ್ಮ ಯಾಕೆ ಎನ್ನುತ್ತಾಳೆ. ಮತ್ತೊಂದು ಸುಳ್ಳು ಹೇಳಬೇಕು. ತನ್ವಿ ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಇದ್ದಾಗ ಅಮ್ಮನನ್ನು ಇಲ್ಲಿ ಬೆಡ್‌ರೂಮಿಗೆ ಕರೆದು ಕೂರಿಸಿಕೊಂಡು ಹೇಳಿದೆ.

"ಅಮ್ಮ, ಇದು ಫ್ಯಾನ್ ಥರ ಅಲ್ಲ. ಉಲ್ಟಾ. ಐದು ಅಂದ್ರೆ ಜಾಸ್ತಿ ಬಿಸಿ."

ತಿರುಪನ್ನೇ ನೋಡುತ್ತಾ ಕೂತಳು.

"ಹಾಗಾದ್ರೆ ಶುಕ್ರವಾರ ಅವಳು ಬಿದ್ದಿದ್ದು..."

ಅಲ್ಲಮ್ಮ ಎನ್ನಬೇಕೆಂದುಕೊಂಡೆ. ಹೌದೆಂದು ತಲೆಯಾಡಿಸಿದೆ.

"ಅವತ್ತು ನೀನು ಬೈತಿದ್ದದ್ದು ಇದಕ್ಕೇನಾ?"

"ನಿನಗೆ ಅರ್ಥವಾಯ್ತಾ?"

"ಮಾತು ಗೊತ್ತಾಗಲ್ಲ. ಬೈಯೋದು ಗೊತ್ತಾಗತ್ತೆ ಕಣೋ. ನನ್ನ ಪಾಲಿಂದು ಅವಳು ಬೈಸ್ಕೊಂಡ್ಲು."

ಎದ್ದು ಹಾಲ್‌ಗೆ ಹೋದಳು. ಅಮ್ಮ ಅಳುತ್ತಿರುವುದು ಇಲ್ಲಿಗೆ ಕೇಳುತ್ತಿದೆ. ಅಯ್ಯೋ ಅತ್ತೆ, ಬಿಡಿ ಅತ್ತೆ ಎನ್ನುತ್ತಿದ್ದಾಳೆ ತನ್ವಿ. ಅಮ್ಮ ತನ್ನ ತಪ್ಪು ಒಪ್ಪಿಕೊಳ್ಳಲು ಐದು ನಿಮಿಷವೂ ತೆಗೆದುಕೊಳ್ಳಲಿಲ್ಲ. ನನಗೆ ಇವತ್ತಿಗೆ ಆರು ದಿನ. ಇಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಾ ಕೂತಿದ್ದೇನೆ. ಹೇಡಿ. ಈಗಲೇ ಹೋಗಬೇಕು. ಅಮ್ಮನ ಎದುರಿಗೇ ತಪ್ಪಾಯ್ತೆಂದು ಹೇಳಬೇಕು ತನ್ವಿಗೆ, ಕನ್ನಡದಲ್ಲೇ —