ಸೊನ್ನೆ ಬರೆದ ಕೈ

ಮಾರ್ಚ್ ೧೪, ಬೆಳಿಗ್ಗೆ

ನನ್ನವರಿಗೆ (ಕಾಗದಪತ್ರಗಳ ಮಟ್ಟಿಗಾದರೂ ಇನ್ನೂ ನನ್ನವರೇ ತಾನೆ),

ನಮಸ್ಕಾರ. ನಾಲ್ಕು ವರ್ಷಗಳ ಮೇಲೆ ನಿಮ್ಮ ಪತ್ರ ಬಂತು. ಮೊದಲ ಸಾಲಿನಲ್ಲೇ ‘ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯಾ’ ಎಂದು ಕೇಳಿದ್ದೀರಿ. ಅಬ್ಬಾ, ಏನು ಕಾಳಜಿ! ಪುಟ ತಿರುಗಿಸಿದಾಗ ಕಾರಣ ತಿಳಿಯಿತು. ನಿಮ್ಮ ಗೋಧಿ ತಳಿ ತುಕ್ಕು ರೋಗಕ್ಕೆ ನೆಲಕಚ್ಚಿದೆ, ವಿಚಾರಣಾ ಸಮಿತಿ ಕೂತಿದೆ. ಪರೀಕ್ಷೆಯ ವರ್ಷಗಳಲ್ಲಿ ಅದರ ಎಲೆಯ ಮೇಲೆ ಒಂದು ಕಲೆಯೂ ಕಂಡಿರಲಿಲ್ಲ ಎಂದು ನಾನು ಬರೆದುಕೊಟ್ಟರೆ ನೀವು ಬಚಾವು. ರೋಗವೇ ಆಮೇಲೆ ಹೊಸ ರೂಪ ತಾಳಿತು, ಯಾರ ತಪ್ಪೂ ಇಲ್ಲ ಎಂದಾಗುತ್ತದೆ. ಒಂದೇ ಒಂದು ಸಾಲು ಸಾಕು ಅಂದಿದ್ದೀರಿ.

ನಮ್ಮ ಕೆಲಸದ ನಿಯಮ ನಿಮಗೆ ಮರೆತಿರಬಹುದು, ಮುಖ್ಯ ಕಚೇರಿ ಸೇರಿದವರಿಗೆ ಮರೆವು ಸಹಜ. ಇಬ್ಬರು ಬೇರೆ ಬೇರೆ ದಿನ ಸಾಲುಗಳಲ್ಲಿ ನಡೆಯಬೇಕು, ತೆನೆಯ ಕೆಳಗಿನ ಎಲೆ ತಿರುಗಿಸಿ ನೋಡಬೇಕು, ನೂರಕ್ಕೆ ಎಷ್ಟು ಪಾಲು ತುಕ್ಕು ಹಿಡಿದಿದೆ ಎಂದು ತಂತಮ್ಮ ಪುಸ್ತಕದಲ್ಲಿ ಬರೆಯಬೇಕು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರದ್ದು ಹಿಡಿಯಲಿ ಎಂದೇ ಈ ಏರ್ಪಾಡು. ನೀವು ಮೊದಲನೆಯವರು, ನಾನು ಎರಡನೆಯವಳು. ನಾನು ಇಪ್ಪತ್ತು ಬರೆದಲ್ಲಿ ನೀವು ಹತ್ತು ಬರೆದು, ಆಮೇಲೆ ಎರಡೂ ಪುಸ್ತಕ ಬಿಚ್ಚಿಟ್ಟುಕೊಂಡು ಜಗಳವಾಡುತ್ತಲೇ ಅಲ್ಲವೇ ನಾವು ಹತ್ತಿರವಾದದ್ದು? ಮದುವೆಯಾದ ಮೇಲೆ ನಮ್ಮಲ್ಲೊಬ್ಬರನ್ನು ಬದಲಿಸಬೇಕಿತ್ತು. ಯಾರಿಗೂ ಹೊಳೆಯಲಿಲ್ಲ. ಊಟದ ಮೇಜಿನಲ್ಲಿ ನೀವು ಅಂದಿನ ಅಂಕ ಹೇಳುತ್ತಿದ್ದಿರಿ, ಮರುದಿನ ನನ್ನ ಕೈ ಅದನ್ನೇ ಬರೆಯುತ್ತಿತ್ತು.

ಮೂವತ್ತೇಳನೆಯ ಸಾಲಿನಲ್ಲಿ ಬೆಳೆದ ತಳಿಗಾಗಿ ಮಾತ್ರ ನಾನು ಹಟ ಹಿಡಿದೆ. ಅದರಲ್ಲಿ ರೋಗ ತಡೆಯುವ ನಾಲ್ಕೈದು ಸಣ್ಣ ಗುಣಗಳು ಒಟ್ಟು ಸೇರಿದ್ದವು. ಪ್ರತಿ ವರ್ಷ ಒಂದಿಷ್ಟು ಕಲೆ ಬರುತ್ತಿತ್ತು, ಅಷ್ಟಕ್ಕೇ ನಿಲ್ಲುತ್ತಿತ್ತು, ಕಾಳು ತುಂಬಿಕೊಳ್ಳುತ್ತಿತ್ತು. ಏಳು ವರ್ಷವೂ ಹಾಗೇ. ಬಾಳಿಕೆ ಬರುವುದು ಇದೇ ಎಂದು ಬಡಕೊಂಡೆ. ನಿಮ್ಮ ತಳಿ ನಿಂತಿರುವುದು ಒಂದೇ ದೊಡ್ಡ ಗುಣದ ಮೇಲೆ, ತುಕ್ಕಿನ ಶಿಲೀಂಧ್ರ ಅದೊಂದನ್ನು ದಾಟಿದರೆ ಮುಗಿಯಿತು ಎಂದೆ. ಕಲೆ ಇರೋ ಎಲೆ ತೋರಿಸಿ ಯಾರನ್ನ ಒಪ್ಪಿಸ್ತೀಯಾ ತಾಯಿ ಎಂದು ನಕ್ಕುಬಿಟ್ಟಿರಿ. ಆ ತಳಿ ಬಿಡುಗಡೆಯ ಪಟ್ಟಿಯಿಂದ ಹೋಯಿತು. ಉಳಿದ ಬೀಜವನ್ನು ಉಗ್ರಾಣದವರು ಗಿರಣಿಗೆ ಕೊಟ್ಟರು. ಏಳು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಹಿಟ್ಟಾಯಿತು. ಸಂಸಾರವೂ ನಿಮಗೆ ಕಲೆಯಿಲ್ಲದೆ ಕಾಣಬೇಕಿತ್ತು. ನೆಂಟರೆದುರು ಎಷ್ಟು ಚೆನ್ನಾಗಿ ನಗುತ್ತಿದ್ದೆವು!

ಇನ್ನು ಆ ಕೊನೆಯ ವರ್ಷದ ಮಾತು. ತಳಿಯ ಬಿಡುಗಡೆಗೆ ಎರಡೇ ವಾರ ಬಾಕಿ. ಕಾಲುವೆ ಬದಿಯಲ್ಲಿ ನಿಮ್ಮ ತಳಿಯಿದ್ದ ಪ್ಲಾಟಿನಲ್ಲಿ ಎಲೆ ತಿರುಗಿಸಿದೆ. ಇಟ್ಟಿಗೆ ಬಣ್ಣದ ತುಕ್ಕಿನ ಗುಳ್ಳೆಗಳು. ಹತ್ತು ಗಿಡ ನೋಡಿದೆ, ಮೂರರಲ್ಲಿ ಇತ್ತು. ಮನೆಗೆ ಓಡಿಬಂದು ಹೇಳಿದರೆ, ಪಕ್ಕದ ಸಾಲಿಂದ ಹಾರಿಬಂದ ಧೂಳಿರುತ್ತೆ, ಸುಮ್ನೆ ತಲೆ ಕೆಡಿಸ್ಕೋಬೇಡ, ನನ್ನ ಮೇಲೆ ನಂಬಿಕೆ ಇಲ್ವಾ ಅಂದಿರಿ. ಗುಳ್ಳೆಗೂ ಧೂಳಿಗೂ ವ್ಯತ್ಯಾಸ ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೂ ಬೆಳಿಗ್ಗೆ ಪುಸ್ತಕದಲ್ಲಿ ಸೊನ್ನೆ ಬರೆದೆ. ನಿಮಗೋಸ್ಕರ ಬರೆದೆ. ವರ್ಷ ತುಂಬುವುದರೊಳಗೆ ನೀವು ಬಡ್ತಿ ಪಡೆದು ಹೊರಟಿರಿ, ಆಮೇಲೆ ಕರೆಸ್ಕೋತೀನಿ ಅಂದಿರಿ. ಆ ‘ಆಮೇಲೆ’ ಇನ್ನೂ ಬಂದಿಲ್ಲ.

ಹೋದ ತಿಂಗಳು ನಿಮ್ಮ ತಳಿ ಬಿತ್ತಿದ ರೈತರ ಹೊಲಗಳನ್ನು ನೋಡಿಬಂದೆ. ಒಳಗೆ ಹೊಕ್ಕು ಬರುವಷ್ಟರಲ್ಲಿ ತುಕ್ಕಿನ ಪುಡಿ ಮೆತ್ತಿ ಮೊಣಕಾಲವರೆಗೆ ಬಟ್ಟೆ ಕೆಂಪಾಗಿತ್ತು. ಬೆಳೆ ಇಟ್ಟ ಹೆಂಗಸೊಬ್ಬಳು ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿದಳು. ಹೊಟ್ಟು ಹಾರಿದ ಮೇಲೆ ಉಳಿದದ್ದು ಎಳ್ಳಿನಷ್ಟು ದಪ್ಪದ ನಾಲ್ಕು ಕಾಳು. ಇದಕ್ಕೆ ರೋಗ ಬರೋದೇ ಇಲ್ಲ ಅಂತ ನಿಮ್ಮೋರೇ ಹೇಳಿದ್ರಲ್ಲಮ್ಮಾ ಅಂದಳು. ಬಾಯಿಗೆ ಬಂದಂತೆ ಬೈದಿದ್ದರೂ ವಾಸಿಯಿತ್ತು.

ನೀವು ಕೇಳಿದ ಸಾಲನ್ನು ನಾನು ಬರೆಯುವುದಿಲ್ಲ. ನಿನ್ನೆಯೇ ಸಮಿತಿಗೆ ಮೂರು ಪುಟ ಕೊಟ್ಟಾಯಿತು. ಗುಳ್ಳೆ ಕಂಡದ್ದು, ನಿಮಗೆ ಹೇಳಿದ್ದು, ನಿಮ್ಮ ಮಾತು ಕೇಳಿ ಸೊನ್ನೆ ಬರೆದದ್ದು ಎಲ್ಲ ಅದರಲ್ಲಿದೆ. ನಿಮ್ಮ ಕೆಲಸ ಹೋಗುತ್ತದೆ. ಗಂಡನ ಒತ್ತಾಯಕ್ಕೆ ಬರೆದಳು, ಪಾಪ, ಎಂದು ನನ್ನನ್ನು ಉಳಿಸಿಕೊಂಡಾರು. ಅಧ್ಯಕ್ಷರು ಆಗಲೇ ಹಾಗೆ ಅನ್ನುತ್ತಿದ್ದಾರಂತೆ.

ಆರೋಗ್ಯ ನೋಡಿಕೊಳ್ಳಿ ಎಂದು ಬರೆಯುವುದು ಅಭ್ಯಾಸ, ಬರೆದಿದ್ದೇನೆ.

ಇಂತಿ,
ಇಷ್ಟು ದಿನ ನಿಮ್ಮ ಮಾತಿಗೆ ಎದುರಾಡದಿದ್ದವಳು

ತಾ.ಕ.: ‘ನಿಮಗೋಸ್ಕರ ಬರೆದೆ’ ಎಂದೆನಲ್ಲ, ಅದು ಸುಳ್ಳು. ನಿಮ್ಮ ತಳಿ ಬಿಡುಗಡೆಯಾದರೆ ಕ್ಷೇತ್ರ ವಿಭಾಗಕ್ಕೆ ನನ್ನನ್ನೇ ಮುಖ್ಯಸ್ಥೆ ಮಾಡುವುದಾಗಿ ನಿರ್ದೇಶಕರು ಅದೇ ವಾರ ಗುಟ್ಟಾಗಿ ಹೇಳಿದ್ದರು. ನಿಮಗೆ ತಿಳಿಸಲಿಲ್ಲ. ಆದೇಶ ಬಂದ ದಿನ ನಿಮ್ಮೆದುರು ಆಶ್ಚರ್ಯಪಟ್ಟಂತೆ ನಟಿಸಿದೆ. ನೀವು ಒತ್ತಾಯಿಸದಿದ್ದರೂ ನಾನು ಸೊನ್ನೆಯನ್ನೇ ಬರೆಯುತ್ತಿದ್ದೆ. ಸಮಿತಿಗೆ ಕೊಟ್ಟ ಮೂರು ಪುಟದಲ್ಲಿ ಈ ಮಾತು ಇಲ್ಲ, ಬರೆಯಲು ಕೈ ಬರಲಿಲ್ಲ. ಈ ಪತ್ರ ಈಗ ನಿಮ್ಮ ಕೈಯಲ್ಲಿದೆ. ಬೇಕಾದರೆ ಅವರಿಗೆ ತೋರಿಸಿ.