ಕೆಂಪು ಟೇಪಿನ ಆಚೆ

೯ ಮಾರ್ಚ್, ಬೆಳಿಗ್ಗೆ ೭
ಎಂಟನೇ ದಿನ. ನನ್ನ ತಟ್ಟೆ ನಾನೇ ತೊಳೆದೆ, ಬಟ್ಟೆ ಬೇರೆ ಒಗೆದೆ. ವಿಕಿರಣ ಅಳೆಯುವ ಕೌಂಟರನ್ನು ಕುತ್ತಿಗೆಗೆ ಹಿಡಿದೆ. ಟಕ್ ಟಕ್ ಟಕ್. ನಿನ್ನೆಗಿಂತ ಕಡಿಮೆ. ಥೈರಾಯ್ಡ್ ತೆಗೆದ ಮೇಲೆ ಉಳಿದಿದ್ದನ್ನು ಸುಡಲು ರೇಡಿಯೊ ಅಯೋಡಿನ್ ನುಂಗಿಸಿದ್ದಾರೆ. ಮಗುವನ್ನು ಹದಿನೈದು ದಿನ ಹತ್ತಿರ ಸೇರಿಸಬೇಡಿ ಅಂದರು ಡಾಕ್ಟರು.

ಬಾಗಿಲಾಚೆ ನೆಲಕ್ಕೆ ಇವರು ಕೆಂಪು ಟೇಪು ಅಂಟಿಸಿದ್ದಾರೆ. ಗುಬ್ಬಿ ಅದರ ಆಚೆ ಕೂತು ಆಡುತ್ತಾಳೆ. ಮೂರೂವರೆ ವರ್ಷ. "ಅಮ್ಮಾ, ಈಗ ದಾಟ್ಲಾ?" — ದಿನಕ್ಕೆ ಹತ್ತು ಸಲ.

೧೨ ಮಾರ್ಚ್
ಈ ಕೌಂಟರ್ ಬಿಡುವಿನಲ್ಲಿ ನಾನೇ ಜೋಡಿಸಿದ್ದು. ಒಳಗಿನ ಗಾಜಿನ ಟ್ಯೂಬ್ ಕಿರುಬೆರಳಿನಷ್ಟು. ಮಂಕು ದಿಣ್ಣೆ. ನಾಲ್ಕು ಅಡಿ ದೂರ ಇಟ್ಟರೆ ನಾನಿದ್ದೇನೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ಡಾಕ್ಟರ ಹದಿನೈದು ದಿನ ಎಲ್ಲರಿಗೂ ಒಂದೇ. ನನಗೆ ನನ್ನ ಮೈಯ ಲೆಕ್ಕ ಬೇಕು. ದೊಡ್ಡ ಟ್ಯೂಬ್ ಆರ್ಡರ್ ಮಾಡಿದೆ. ಇವರು ನಕ್ಕರು, ಗುಬ್ಬಿಗೆ ಬ್ರಹ್ಮಾಸ್ತ್ರವಾ ಅಂತ.

೧೫ ಮಾರ್ಚ್, ಸಂಜೆ
ಟ್ಯೂಬ್ ಬಂತು. ಹಳೆಯದನ್ನು ಬಿಚ್ಚಿದೆ, ಹೊಸದಕ್ಕೆ ವೈರ್ ಸೋಲ್ಡರ್ ಮಾಡಿದೆ, ವೋಲ್ಟೇಜ್ ಹೊಂದಿಸಿದೆ. ಬೆರಳು ಒಂದು ಕಡೆ ಸುಟ್ಟಿತು. ಆನ್ ಮಾಡಿದರೆ ತಗಡಿನ ಮೇಲೆ ಹನಿ ಬಿದ್ದ ಸದ್ದು. ಎಷ್ಟು ಚುರುಕು! ನಾಳೆ... ಬರೆಯುವುದಿಲ್ಲ, ದೃಷ್ಟಿಯಾದೀತು.

೧೬ ಮಾರ್ಚ್
೦.೪೦.

ಕಾಯಿಲೆಗೆ ಮುಂಚೆ ಈ ಕೋಣೆಯಲ್ಲಿ ಎಲ್ಲೆಡೆ ಇರುವ ಮಾಮೂಲಿ ವಿಕಿರಣ ೦.೧೩ ಬರುತ್ತಿತ್ತು. ಮೂರು ಪಟ್ಟು!

ಗುಬ್ಬಿ ಹೊಸ ಫ್ರಾಕ್ ಹಾಕಿಸಿಕೊಂಡು ಗೆರೆಯ ಹತ್ತಿರ ನಿಂತಿದ್ದಳು. ಡಾಕ್ಟರು ಹದಿನೈದು ದಿನ ಸಾಕು ಅಂದಿದ್ದಾರಲ್ಲ ಎಂದರು ಇವರು. ಮಗು ಡಾಕ್ಟರದ್ದಲ್ಲ ಎಂದು ರೇಗಿದೆ. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

೧೭ — ೦.೪೦
೧೮ — ೦.೪೧. ಇಳಿಯುತ್ತಲೇ ಇಲ್ಲ. ಗಂಟಲಲ್ಲೇ ಬೀಡು ಬಿಟ್ಟಿರಬೇಕು.

೨೧ ಮಾರ್ಚ್
ಇವತ್ತು ಗುಬ್ಬಿ ಕೇಳಲಿಲ್ಲ. ಬಂದಳು, ಗೊಂಬೆಗಳನ್ನು ಟೇಪಿನುದ್ದಕ್ಕೂ ಮಲಗಿಸಿದಳು, ಹೋದಳು. ಒಂದು ಗೊಂಬೆಯ ಕೈ ಈಚೆ ಬಂದಿತ್ತು. ಬಯ್ದು ಆಚೆ ಎಳೆದುಕೊಂಡಳು.

ಹಟ ಬಿಟ್ಟಿದ್ದಾಳೆ, ಒಳ್ಳೇದಾಯ್ತು ಅಂದರು ನಮ್ಮತ್ತೆ. ಅವರ ಮಾತಿನಲ್ಲಿ ತಪ್ಪಿಲ್ಲ. ನನಗೆ ಅವಳ ತಲೆಯ ವಾಸನೆ ಬೇಕು. ಇನ್ನೇನೂ ಬೇಡ.

೨೨ ಮಾರ್ಚ್, ಬೆಳಿಗ್ಗೆ ೯
ತಡೆಯಲಾಗಲಿಲ್ಲ. ಕೌಂಟರನ್ನು ಸ್ಟೂಲಿನ ಮೇಲಿಟ್ಟು ಟೇಪಿನಾಚೆ ತಳ್ಳಿದೆ, ಗುಬ್ಬಿಗೊಮ್ಮೆ ಹಿಡಿದು ನೋಡಿ ಅಂದೆ ಇವರಿಗೆ. ೦.೪೦. ಮಗುವಿಗೂ ಅಂಟಿಸಿಬಿಟ್ಟೆನಾ?

ಇವರು ಕೌಂಟರ್ ಎತ್ತಿಕೊಂಡು ಹೊರಗೆ ಹೋದರು. ಕಾಂಪೌಂಡ್ ಗೋಡೆಗೆ ಹಿಡಿದರು, ೦.೪೦. ಪಕ್ಕದ ಮನೆ ಬೆಕ್ಕಿಗೆ, ೦.೩೯. ಕಿಟಕಿಯ ಹತ್ತಿರ ಬಂದು ಹೇಳಿದರು:

"ನಿನ್ನ ಮೆಷಿನ್ನಿಗೆ ಎಲ್ಲಿ ನೋಡಿದ್ರೂ ನೀನೇ ಕಾಣ್ತೀಯ ಕಣೇ."

ಟ್ಯೂಬ್ ಬದಲಿಸಿದೆ. ಟಕ್‌ಗಳ ಎಣಿಕೆಯನ್ನು ಅಳತೆಯಾಗಿಸಲು ಗುಣಿಸುವ ಸಂಖ್ಯೆ ಬದಲಿಸಲಿಲ್ಲ. ಹೊಸದು ಅಷ್ಟೇ ವಿಕಿರಣಕ್ಕೆ ಮೂರು ಪಟ್ಟು ಟಕಟಕ ಅನ್ನುತ್ತದೆ. ಮೆಷಿನ್ ಅದನ್ನು ಹಳೇ ಸಂಖ್ಯೆಯಿಂದಲೇ ಗುಣಿಸುತ್ತಿತ್ತು. ಆರು ದಿನ ಅದನ್ನು ನನ್ನ ಕುತ್ತಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಹಿಡಿದಿರಲಿಲ್ಲ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಇಲ್ಲಿ ಕಂಕುಳೂ ಖಾಲಿ.

ಸಂಖ್ಯೆ ತಿದ್ದಿದೆ. ಕುತ್ತಿಗೆಗೆ ಹಿಡಿದೆ. ೦.೧೩.

೧೧ ಗಂಟೆ
ಟೇಪು ಕಿತ್ತೆ. ಬಾ ಅಂದೆ. ಬರಲಿಲ್ಲ. ನೆಲದಲ್ಲಿ ಅಂಟಿನ ಗುರುತು ಉಳಿದಿದೆ, ಅದರ ಆಚೆಯೇ ನಿಂತಿದ್ದಾಳೆ.

"ದಾಟ್ಬಾರ್ದು. ಅಮ್ಮಂಗೆ ಬೇಜಾರಾಗುತ್ತೆ."

ಇನ್ನು ಕರೆಯುವುದಿಲ್ಲ. ಕರೆದರೆ ಅಳುತ್ತೇನೆ, ಹೆದರುತ್ತಾಳೆ. ಹೊಸ್ತಿಲಲ್ಲಿ ಕೂತು ಸುಮ್ಮನೆ ಬರೆಯುತ್ತಿದ್ದೇನೆ. ಅವಳ ಕಡೆ ನೋಡುತ್ತಿಲ್ಲ. ಗೊಂಬೆ ಮೊದಲು ಬಂತು, ನನ್ನ ಪಾದದ ಹತ್ತಿರ ಬಿತ್ತು. ಎತ್ತಿಕೊಳ್ಳಲಿಲ್ಲ. ಈಗ ಒಂದು ಪುಟ್ಟ ಹೆಬ್ಬೆರಳು ಅಂಟಿನ ಮೇಲೆ. ಈಗ ಇಡೀ ಕಾಲು ಈಚೆಗೆ—