ಹಸಿವಾದಾಗ ತಿನ್ನಿ ಎಂದಿರಿ, ಹಸಿವೇ ಆಗಲಿಲ್ಲ

ಆಸ್ಪತ್ರೆಯ ಅಧೀಕ್ಷಕರಾದ ಮಾನ್ಯರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನು ತಾವು ಭರದಿಂದ ನಡೆಸುತ್ತಿದ್ದೀರಿ. ಆದರೆ ಅದಾದ ಮೇಲೆ ಏನು ತಿನ್ನಬೇಕೆಂದು ಹೇಳಿಕೊಡುತ್ತಿದ್ದ ಕೊಠಡಿಗೆ ಬೀಗ ಜಡಿಸಿದ್ದೀರಿ. ಆ ಬೀಗದ ದೆಸೆಯಿಂದ ಇಂದು ನನ್ನ ಅಕ್ಕನ ಬೆರಳುಗಳಿಗೆ ಸ್ಪರ್ಶಜ್ಞಾನವಿಲ್ಲ. ಅವಳು ದರ್ಜಿ. ನಮ್ಮ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ನಾನು, ಹೊಲಿಯುವವಳು ಅವಳು. ನನ್ನ ದೂರು ಇಷ್ಟೇ. ಪುರುಸೊತ್ತಿದ್ದರೆ ಮುಂದಿನದನ್ನೂ ಓದುವ ಕೃಪೆ ಮಾಡಬೇಕು.

ನಾನು ಶಸ್ತ್ರಚಿಕಿತ್ಸೆಯ ವಿರೋಧಿಯಲ್ಲ. ಅಕ್ಕನ ಮಂಡಿಗಳು ಹೊಲಿಗೆ ಯಂತ್ರ ತುಳಿಯಲಾರದಷ್ಟು ಸೋತಿದ್ದವು, ಸಕ್ಕರೆ ಕಾಯಿಲೆ ಯಾವ ಮಾತ್ರೆಗೂ ಜಗ್ಗುತ್ತಿರಲಿಲ್ಲ. ತಮ್ಮ ವೈದ್ಯರು ಜಠರದ ಬಹುಪಾಲನ್ನು ಕತ್ತರಿಸಿ ತೆಗೆದ ಮೇಲೆ ಎರಡೂ ಸುಧಾರಿಸಿದವು. ಕತ್ತರಿ ಹಿಡಿದು ಬದುಕುವ ನಾನು ಇನ್ನೊಬ್ಬರ ಒಳ್ಳೆಯ ಕತ್ತರಿ ಕೆಲಸದಲ್ಲಿ ಕೊಂಕು ತೆಗೆಯಲಾರೆ.

ಮನೆಗೆ ಕಳಿಸುವಾಗ ನರ್ಸ್ ಹೇಳಿದ್ದು ಒಂದೇ ಮಾತು: “ಹಸಿವಾದಾಗ ಮಾತ್ರ ತಿನ್ನಿ ಅಮ್ಮಾ, ಸ್ವಲ್ಪ ಸ್ವಲ್ಪ.” ಎಂಥ ಸುಲಭದ ಉಪದೇಶ! ಹಸಿವಾಗಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ, ತಾವು ಕತ್ತರಿಸಿ ತೆಗೆದದ್ದು ಆ ಭಾಗವನ್ನೇ ಎಂದು ಆಮೇಲೆ ಬೇರೊಬ್ಬ ವೈದ್ಯರಿಂದ ತಿಳಿಯಿತು. ಗಂಟೆಯನ್ನೇ ಕಿತ್ತುಹಾಕಿ, ಗಂಟೆ ಹೊಡೆದಾಗ ಊಟಕ್ಕೆ ಬನ್ನಿ ಎಂದರೆ ಯಾರು ಬರುತ್ತಾರೆ ಸ್ವಾಮಿ?

ಬೆಳಗ್ಗೆ ಅರ್ಧ ಲೋಟ ಹಾಲು, ಮಧ್ಯಾಹ್ನ ನಾಲ್ಕು ತುತ್ತು, ಅಕ್ಕನ ಊಟ ಅಷ್ಟೇ. ನಮಗೋ ಖುಷಿಯೋ ಖುಷಿ. ಅವಳ ಬಟ್ಟೆಗಳ ಹೊಲಿಗೆ ಬಿಚ್ಚಿ ಮತ್ತೆ ಮತ್ತೆ ಒಳಗೆ ಹಿಡಿಯುವುದೇ ಅಂಗಡಿಯಲ್ಲಿ ಸಂಭ್ರಮವಾಯಿತು. “ಮದುವೆ ಹುಡುಗಿ ಥರ ಕಾಣ್ತೀಯ ಕಣೇ!” ಎಂದು ಅಮ್ಮ ಹಿಗ್ಗಿದಳು. ಆಮೇಲೆ ಅಕ್ಕನ ಕೂದಲು ಉದುರಿತು, ಮೆಟ್ಟಿಲಿಳಿಯುವಾಗ ಕಾಲು ತಡವರಿಸಿತು. ತಮ್ಮಲ್ಲಿಗೆ ಫೋನ್ ಮಾಡಿದರೆ, “ತೂಕ ಇಳೀತಿದೆ ತಾನೇ? ಹಸಿವಿಲ್ಲ ಅಂದ್ರೆ ಒಳ್ಳೇದೇ ಅಲ್ವಾ?” ಎಂಬ ಉತ್ತರ ಬಂತು. ವಿಟಮಿನ್ ಮಾತ್ರೆಗಳನ್ನು ಜೀವನಪೂರ್ತಿ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಆಗಬೇಕು ಎಂದು ಆಗಲಾದರೂ ಒಂದು ಮಾತು ಹೇಳಬಹುದಿತ್ತಲ್ಲವೇ? ಜ್ವರದ ಮಾತ್ರೆಯ ಹಾಗೆ, ಮನೆಗೆ ಕಳಿಸುವಾಗ ಕೊಟ್ಟದ್ದು ಮುಗಿದರೆ ಮುಗಿಯಿತು ಎಂದೇ ನಾವು ತಿಳಿದಿದ್ದೆವು.

ಒಂದು ಮಧ್ಯಾಹ್ನ ಅವಳು ಗಿರಾಕಿಯೊಬ್ಬರ ಬಿಳಿ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು ಬಿದ್ದವು.

“ಅಕ್ಕಾ, ರಕ್ತ!”

“ಅಯ್ಯೋ, ಎಲ್ಲಿ ಕುಯ್ಕೊಂಡ್ಯೋ?” ಎಂದು ನನ್ನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಸೂಜಿ ನಾಟಿದ್ದು ಅವಳ ಬೆರಳಿಗೆ. ಗಿರಾಕಿಗಳ ಎದುರೇ ನನಗೆ ಅಳು ಬಂದುಬಿಟ್ಟಿತು, ಮಾನ್ಯರೇ.

ಆ ಇನ್ನೊಬ್ಬ ವೈದ್ಯರ ಬಳಿ ಓಡಿದ್ದು ಆಗ. “ವಿಟಮಿನ್ ಬಿ-ಟ್ವೆಲ್ವ್ ತಳ ಕಂಡಿದೆ, ನರಗಳಿಗೆ ಪೆಟ್ಟಾಗಿದೆ. ಇಂಜೆಕ್ಷನ್ ಶುರು ಮಾಡ್ತೀನಿ. ಎಷ್ಟು ವಾಪಸ್ ಬರುತ್ತೋ ಈಗ್ಲೇ ಹೇಳಕ್ಕಾಗಲ್ಲ” ಎಂದರು ಅವರು.

ತಮ್ಮಲ್ಲಿಗೂ ಬಂದಿದ್ದೆ. ಆಹಾರ ಸಲಹೆಯ ಕೊಠಡಿಯ ಕಿಟಕಿಯಲ್ಲಿ ಇಣುಕಿದರೆ ಒಳಗೆ ಮುರಿದ ಕುರ್ಚಿಗಳು. ಹೊರಗೆ ತೂಕದ ಯಂತ್ರ ಮಾತ್ರ ಥಳಥಳ ಹೊಳೆಯುತ್ತಿತ್ತು. “ಡಯಟಿಷಿಯನ್ ಮೇಡಂ ಬಿಟ್ಟು ಹೋದ್ರು, ಸಾಹೇಬ್ರು ಬೇರೆಯವ್ರನ್ನ ತಗೊಳ್ಳಲೇ ಇಲ್ಲ” ಎಂದ ಕಾವಲುಗಾರ. ನಮ್ಮ ಪುಟ್ಟ ಅಂಗಡಿಯಲ್ಲೇ ಗಿರಾಕಿ ಒಮ್ಮೆ ತೊಟ್ಟು ನೋಡದೆ ಬಟ್ಟೆ ಕಟ್ಟಿಕೊಡುವುದಿಲ್ಲ. ಮನುಷ್ಯರ ಹೊಟ್ಟೆ ಕತ್ತರಿಸುವ ತಮಗೆ ಅಷ್ಟೂ ವ್ಯವಧಾನವಿಲ್ಲವೇ?

ಪರಿಹಾರ ಕೇಳುತ್ತಿಲ್ಲ, ಕ್ಷಮೆಯಂತೂ ಬೇಡವೇ ಬೇಡ. ಕೊಠಡಿ ತೆರೆಯಿರಿ, ಆಹಾರತಜ್ಞರನ್ನು ನೇಮಿಸಿ. ಅದಕ್ಕೂ ಮುನ್ನ, ಬೀಗ ಬಿದ್ದ ಮೇಲೆ ತಾವು ಶಸ್ತ್ರಚಿಕಿತ್ಸೆ ಮಾಡಿ ಕಳಿಸಿದ ಪ್ರತಿಯೊಬ್ಬರಿಗೂ ಫೋನ್ ಮಾಡಿಸಿ. ಎಷ್ಟು ಇಳಿದಿರಿ ಎಂದು ಕೇಳಬೇಡಿ. ಏನು ತಿನ್ನುತ್ತೀರಿ, ಕಾಲಿಗೆ ನೆಲ ತಿಳಿಯುತ್ತಿದೆಯೇ ಎಂದು ಕೇಳಿ. ಅವರು ತಾವಾಗಿ ಬರುವುದಿಲ್ಲ. ಅವರಿಗೂ ಹಸಿವಿಲ್ಲ, ಮನೆಯವರು ಹಿಗ್ಗುತ್ತಿದ್ದಾರೆ, ಕನ್ನಡಿ ಕೂಡ ಹೊಗಳುತ್ತಿದೆ. ಮೈಯೊಳಗೆ ಏನೋ ಕೆಡುತ್ತಿದೆ ಎಂದು ಅವರಿಗೆ ಗೊತ್ತೇ ಇಲ್ಲ. ಅವರು ಯಾರು, ಎಲ್ಲಿದ್ದಾರೆ ಎಂದು ಗೊತ್ತಿರುವುದು ತಮಗೆ ಮಾತ್ರ.

ಇಂತಿ,
ಅಕ್ಕನ ಬದಲು ಗುಂಡಿ ಹಚ್ಚಲು ಕೂತಿರುವ,
ಇನ್ನೂ ಕೈ ಪಳಗದ ತಮ್ಮ